ಬಸ್ಸಿನ ಎದುರಿಗಿದ್ದ ಸ್ಟೂಲು

ಕತಾರಿನ ಅಲ್ ಖೋರ್‌ನಲ್ಲಿ ಕಂಪನಿ ಬಸ್ಸು ನಿಲ್ಲುವ ಕಡೆ ಕಿರಾಣಿ ಅಂಗಡಿ ಇಟ್ಟಿದ್ದವರು ಹೋದ ತಿಂಗಳು ತೀರಿಕೊಂಡರು. ಮಂಗಳೂರು ಕಡೆಯ ಬ್ಯಾರಿಗಳು. ತೂಗಿದ ಮೇಲೂ ಒಂದು ಟೊಮೆಟೊ ಹೆಚ್ಚಿಗೆ ಹಾಕಿ, ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

ನಮ್ಮ ಯಜಮಾನರು ಊರಿನಲ್ಲಿ ತುಂಬ ಕುಡಿಯುತ್ತಿದ್ದರು, ಇಲ್ಲಿಗೆ ಬಂದ ಮೇಲೆ ಬಿಟ್ಟಿದ್ದರು. ಆದರೆ ಕದ್ದುಮುಚ್ಚಿ ಬಾಟಲಿ ತಂದುಕೊಡುವ ಗೆಳೆಯರು ಇಲ್ಲೂ ಇದ್ದರು. ಸಂಜೆ ಯಜಮಾನರು ಬಸ್ಸಿಳಿದಾಗ ಆ ಗೆಳೆಯರು ಕರೆಯುವ ಮೊದಲೇ ಅಂಗಡಿಯವರು ಸ್ಟೂಲು ಎಳೆದು, "ಒಂದು ಸುಲೈಮಾನಿ ಕುಡಿದು ಹೋಗಿ ಮಾರಾಯ್ರೆ" ಎಂದು ನಿಂಬೆ ಹಿಂಡಿದ ಕಪ್ಪು ಚಹಾ ಕೊಡುತ್ತಿದ್ದರು.

ಒಮ್ಮೆ ನಾವಿಬ್ಬರೂ ಅಲ್ಲಿದ್ದಾಗ ಅಂಗಡಿಯವರಿಗೆ ಅವರ ಊರಿನ ಪಂಚಾಯಿತಿ ಸದಸ್ಯರೊಬ್ಬರ ಫೋನು ಬಂತು. ಊರಲ್ಲಿದ್ದ ಅವರ ಮಳಿಗೆಯಲ್ಲಿ ಮದ್ಯದಂಗಡಿ ತೆರೆಯಲು ಪಂಚಾಯಿತಿ ಒಪ್ಪಿತ್ತು. ಬಾಡಿಗೆಗೆ ಕೊಡಲು ಇವರು ಹೂಂ ಅಂದರೆ ಸಾಕಿತ್ತು.

"ನೀವು ಒಪ್ಪಿದ್ದೀರಿ, ಸರಿ. ನಾನು ಕೊಡುದಿಲ್ಲ. ಇಲ್ಲಿ ಒಬ್ರು ದಿನಾ ಚಾ ಕುಡಿಲಿಕ್ಕೆ ಬರ್ತಾರೆ. ನಾಳೆ ಅವರ ಮುಖ ಹೇಗೆ ನೋಡುದು?" ಎಂದು ಅಂಗಡಿಯವರು ಫೋನಿಟ್ಟರು.

ಯಜಮಾನರು ತಲೆ ಎತ್ತದೆ, "ಇನ್ನೊಂದು ಲೋಟ ಹಾಕ್ರಿ" ಎಂದರು.

ನಮ್ಮ ಮನೆ ಉಳಿದದ್ದು ಆ ಸ್ಟೂಲಿನಿಂದ. ಈಗ ಅಂಗಡಿ ಮುಚ್ಚಿದೆ. ನಿನ್ನೆ ಯಜಮಾನರು ಬಸ್ಸಿಳಿದು ನೇರ ಮನೆಗೆ ಬಂದರು. "ನೀರು ಕಾಯಾಕ ಇಡು" ಎಂದು ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದಿಟ್ಟರು.