ಅಪ್ಪನ ಕತ್ತಿನ ಕಪ್ಪು

ನಮ್ಮಪ್ಪ ಹೊಳಬಸಪ್ಪ ಪುಣೆಯ ಸದಾಶಿವ ಪೇಠದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಾರಕೂನ. ದಿನಕ್ಕೆರಡು ಸ್ನಾನ, ಲಿಂಗಪೂಜೆ ಮುಗಿಯದೆ ಚಹಾ ಸಹ ಮುಟ್ಟದ ಮನುಷ್ಯ. ಅಂಥವನ ಕತ್ತಿನ ಹಿಂದೆ ೧೯೯೭ರಲ್ಲಿ ಒಂದು ಕಪ್ಪು ಪಟ್ಟಿ ಕಾಣಿಸಿಕೊಂಡಿತು. ಹತ್ತಾರು ಸಂಸಾರಗಳೊಡನೆ ನಾವಿದ್ದ ವಾಡೆಯ ನಲ್ಲಿಯ ಹತ್ತಿರ ನೆರೆಮನೆಯ ಇಂದೂತಾಯಿ ಎಂಬ ಮಹಾತಾಯಿ, ನಿಮ್ಮವರ ಕತ್ತಿಗೆ ನೀರು ತಾಗುವುದಿಲ್ಲವೇ ಎಂದು ನಾಲ್ಕು ಜನರೆದುರು ಅವ್ವನನ್ನು ಮರಾಠಿಯಲ್ಲಿ ಕೇಳಿಬಿಟ್ಟಳು. ನಮ್ಮವ್ವ ನಾಗವ್ವನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಗಂಡನ ಕತ್ತು ಹೊಲಸೆಂದರೆ ಹೆಂಡತಿಯ ಮಾನ ಹೋಯಿತೆಂದೇ ಅವಳ ಲೆಕ್ಕ.

ತಪ್ಪೆಲ್ಲ ಶಿವದಾರದ್ದು ಎಂದು ಅವ್ವ ತೀರ್ಮಾನಿಸಿದಳು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಆ ದಾರ ಬೆವರು ಕುಡಿದು ಕರೆ ಬಿಡುತ್ತದಂತೆ! ಹತ್ತಿಯದು ತೆಗೆಸಿ ರೇಷ್ಮೆಯದು ಹಾಕಿಸಿದಳು. ಕಪ್ಪು ಹೋಗಲಿಲ್ಲ. ಆಮೇಲೆ ಪ್ರತಿ ಸೋಮವಾರ ಬಚ್ಚಲಲ್ಲಿ ಕೂರಿಸಿ, ಕಡಲೆಹಿಟ್ಟು ಹಚ್ಚಿ, ಹೀರೆಕಾಯಿ ನಾರು ಹಿಡಿದು ಎಮ್ಮೆ ತೊಳೆದಂತೆ ತಿಕ್ಕತೊಡಗಿದಳು. ಅಪ್ಪ ಹಲ್ಲು ಕಚ್ಚಿ ಕೂತಿರುತ್ತಿದ್ದ. ಪಾಪವೆನಿಸಿ, ತಿಕ್ಕಿ ಮುಗಿದ ಮೇಲೆ ಅವ್ವ ನಾಲ್ಕು ಶೇಂಗಾ ಹೋಳಿಗೆ, ಮೇಲೆ ತುಪ್ಪ ಸುರಿದು ಕೊಡುತ್ತಿದ್ದಳು. ಆರು ತಿಂಗಳು ಹೀಗೇ ನಡೆಯಿತು.

ಒಂದು ಸೋಮವಾರ ಚರ್ಮ ಕಿತ್ತು ಬಂತು. ಗಾಯ ಮೂರು ವಾರವಾದರೂ ಮಾಯಲಿಲ್ಲ. ಡಾಕ್ಟರು ಕತ್ತು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಅವ್ವನ ಕಡೆ ತಿರುಗಿದರು. ಇದು ಹೊಲಸಲ್ಲ, ಸಕ್ಕರೆ ಕಾಯಿಲೆ. ಅದಿರುವ ಕೆಲವರ ಕತ್ತು ಹೀಗೆ ಕಪ್ಪಾಗುತ್ತದೆ, ತಿಕ್ಕಿದರೆ ಹೋಗುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ, ಇನ್ನು ಸಿಹಿ ಬಂದ್ ಎಂದರು.

ಮನೆಗೆ ಬಂದವಳೇ ಅವ್ವ ಅಳತೊಡಗಿದಳು. "ತಿಕ್ಕಿ ಗಾಯ ಮಾಡಿದಾಕೀನೂ ನಾನ, ತಿನ್ನಿಸಿ ಬ್ಯಾನಿ ಬೆಳೆಸಿದಾಕೀನೂ ನಾನ."

ಹೋಳಿಗೆಯ ಡಬ್ಬಿ ಅವತ್ತೇ ಇಂದೂತಾಯಿಯ ಮನೆ ಸೇರಿತು. ಆಡಿಕೊಂಡವಳಿಗೇ ಹೋಳಿಗೆ, ಎಂಥ ನ್ಯಾಯ ನೋಡಿ.

ಗಾಯ ಮಾಯ್ದ ಮೇಲೆ ಬಂದ ಮೊದಲ ಸೋಮವಾರ, ಯಾರೂ ಕರೆಯದೆಯೇ ಅಪ್ಪ ಬಚ್ಚಲಿಗೆ ಹೋಗಿ ಕತ್ತು ಬಗ್ಗಿಸಿ ಕೂತ.

"ತಿಕ್ಕೂದು ಬ್ಯಾಡಂತ ಡಾಕ್ಟರು ಹೇಳ್ಯಾರಲ್ರಿ," ಎಂದಳು ಅವ್ವ.

"ಅವರಿಗೇನ್ ಗೊತ್ತು. ನೀ ತಿಕ್ಕು. ಆಮ್ಯಾಲ ಒಂದ ಹೋಳಿಗಿ ಕೊಡು, ಅರ್ಧ ಆದ್ರೂ ನಡೀತದ."

ಆರು ತಿಂಗಳು ಆ ಮನುಷ್ಯ ಯಾಕೆ ಪಿಟಕ್ಕೆನ್ನದೆ ತಿಕ್ಕಿಸಿಕೊಂಡ ಎಂದು ಅವ್ವನಿಗೆ ಅವತ್ತು ತಿಳಿಯಿತು. ನಾರನ್ನು ಆಚೆ ಎಸೆದು, ಬರಿಗೈಯಲ್ಲಿ ಮೆಲ್ಲಗೆ ಆ ಕಪ್ಪು ಕತ್ತು ತೊಳೆದಳು. ಹೋಳಿಗೆ ಮಾತ್ರ ಕೊಡಲಿಲ್ಲ.