ಪರದೆ ಎಳೆದ ಡ್ರಾಯಿಂಗ್ ಮಾಸ್ತರ್

ಅವರ ಕೂದಲು ಎಷ್ಟು ದಟ್ಟ, ಎಷ್ಟು ಗುಂಗುರು ಎಂದರೆ ಅದರೊಳಗೆ ಸಿಕ್ಕಿಸಿಕೊಂಡ ಪೆನ್ಸಿಲ್, ಸೈಕಲ್ ತಗ್ಗಿಗೆ ಇಳಿದು ಹತ್ತಿದರೂ ಬೀಳುತ್ತಿರಲಿಲ್ಲ. ಶಹಾಪುರದ ನನ್ನ ಫೋಟೊ ಫ್ರೇಮ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರೆ ಮೊದಲು ಆ ಪೆನ್ಸಿಲ್ ಎಳೆಯುವರು. ರಟ್ಟಿನ ಚೂರಿನ ಮೇಲೆ ಎದುರಿನ ಗಿರಾಕಿಯ ಮೂಗನ್ನೋ ಕಿವಿಯನ್ನೋ ಬರೆದು, ಯಾರಿಗೂ ತೋರಿಸದೆ ಹರಿದು ಹಾಕುವರು.

ಹೈಸ್ಕೂಲಿನಲ್ಲಿ ನನಗೆ ಚಿತ್ರ ಕಲಿಸಿದ ಮಾಸ್ತರ್ ಅವರು. ಅವರ ಕಪ್ಪು ಬಣ್ಣ, ಗುಂಗುರು ಕೂದಲು ನೋಡಿ ಬೆನ್ನ ಹಿಂದೆ ನಾವೆಲ್ಲ "ಹಬ್ಶಿ" ಎನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಒಮ್ಮೆ ಅದು ಅವರ ಕಿವಿಗೆ ಬಿತ್ತು. ಹೊಡೆಯಲಿಲ್ಲ. ಆ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಅಕ್ಷರ ಚಂದ ಬರೀಬೇಕು. ವಾರೆ ಬಂದ್ರ ಮಾರ್ಕ್ಸ್ ಕಟ್" ಎಂದು ಪಿರಿಯಡ್ಡು ಮುಗಿಯುವವರೆಗೂ ಅದನ್ನೇ ಬರೆಸಿದರು. ಗಂಟೆ ಹೊಡೆದರೂ ಯಾರೂ ತಲೆ ಎತ್ತಲಿಲ್ಲ.

ಆ ಪದದ ಹಿಂದಿನ ಕಥೆ ಹೇಳಿದ್ದು ನಿವೃತ್ತರಾದ ಮೇಲೆ. ಅವರ ಮುತ್ತಜ್ಜನನ್ನು ಎಳೆಯ ವಯಸ್ಸಿನಲ್ಲೇ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಕೈಯಿಂದ ಕೈಗೆ ದಾಟಿ ಹೈದರಾಬಾದಿಗೆ ಬಂದು, ಅಲ್ಲಿಂದ ಸುರಪುರದ ಕಡೆಯ ಒಂದು ಜಮೀನ್ದಾರರ ವಾಡೆಗೆ, ಯಾರದೋ ಮದುವೆಯ ಉಡುಗೊರೆಯಾಗಿ, ಒಂದು ಕುದುರೆಯ ಜೊತೆ.

"ಆ ಕುದುರಿ ಹೆಸರು ಮೋತಿ. ವಾಡೇದಾಗ ಎಲ್ಲಾರಿಗೂ ಇನ್ನಾ ನೆನಪೈತಿ," ಎಂದರು. "ನಮ್ಮ ಮುತ್ಯಾನ ಹೆಸರೇನ್ರಿ ಅಂತ ಕೇಳಿದೆ. ಮುಖ ಮುಖ ನೋಡಿಕೊಂಡ್ರು."

ನನ್ನ ಅಜ್ಜನೂ ಅದೇ ವಾಡೆಯಲ್ಲಿ ಜೀತಕ್ಕಿದ್ದವನು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವತ್ತು ನಾನು ಮಾಸ್ತರ್ ಮುಂದೆ ಹೇಳಿದೆ.

ಮುಂದೊಮ್ಮೆ ಅವರು ಹೈದರಾಬಾದಿಗೆ ಹೋಗಿ ಒಂದು ಕಲಾ ಪ್ರದರ್ಶನ ನೋಡಿ ಬಂದರು. ಆಫ್ರಿಕಾದಿಂದ ಅಮೆರಿಕಕ್ಕೆ ಹಡಗಿನಲ್ಲಿ ತುಂಬಿ ಸಾಗಿಸಿದ ಗುಲಾಮರ ನೆನಪಿನ ಮೇಲೆ ಅವರ ವಂಶದವರೇ ಈಗ ಮಾಡಿದ ಕಲೆ. ಒಂದು ಕೋಣೆಯ ತುಂಬ ಬರೀ ಹಲಗೆಗಳು. ಹಡಗಿನ ತಳದಲ್ಲಿ ಒಬ್ಬೊಬ್ಬರಿಗೆ ಎಷ್ಟು ಜಾಗ ಕೊಡುತ್ತಿದ್ದರೋ ಅಷ್ಟೇ ಅಗಲ. ಬಂದವರು ಅದರಲ್ಲಿ ಮಲಗಿ ನೋಡಬಹುದು. ಮಾಸ್ತರ್ ಮಲಗಿದರು. ಕಾವಲುಗಾರ ಬಂದು ಹೊತ್ತಾಯಿತೆಂದು ಎಬ್ಬಿಸುವವರೆಗೂ ಏಳಲಿಲ್ಲ.

"ಮಗ್ಗಲಾ ಬದಲಸಾಕ ಬರೂದಿಲ್ಲ ತಮ್ಮಾ," ಎಂದರು. "ಅಲ್ಲಿ ಮಲಗಿ ಅಳು ಬರತೈತಿ ಅಂದ್ಕೊಂಡಿದ್ದೆ. ಸಿಟ್ಟ ಬಂತು. ಅವರು ಸಿಟ್ಟಿಗೆ ಒಂದು ಕೋಣಿ ಕಟ್ಯಾರ. ನಾವು ಏನ ಮಾಡೀವಿ?"

ಅದೇ ವರ್ಷ ವಾಡೆಯ ಧಣಿ ತಮ್ಮ ಮುತ್ತಜ್ಜನ ಹೆಸರಿನಲ್ಲಿ ಊರಿಗೆ ಒಂದು ಸಭಾಭವನ ಕಟ್ಟಿಸಿದರು. ಅಲ್ಲಿ ತೂಗುಹಾಕಲು ಆಳೆತ್ತರದ ಚಿತ್ರ ಬೇಕಾಗಿತ್ತು. ವಾಡೆಯ ಹಳೆಯ ಫೋಟೊ ಹಿಡಿದುಕೊಂಡು, ಮಾಸ್ತರ್ ಇದ್ದ ಹೊತ್ತು ನೋಡಿ ನನ್ನ ಅಂಗಡಿಗೇ ಬಂದರು. ಅಂಗಡಿ ಇದ್ದದ್ದೂ ಅವರದೇ ಕಾಂಪ್ಲೆಕ್ಸಿನಲ್ಲಿ. ಫೋಟೊದಲ್ಲಿ ಕುರ್ಚಿಯ ಮೇಲೆ ಜರಿ ರುಮಾಲಿನ ಯಜಮಾನ. ಹಿಂದೆ ಬೀಸಣಿಗೆ ಹಿಡಿದು ನಿಂತ ಕರಿಯ ಮನುಷ್ಯ, ಮಾಸ್ತರ್ ತಲೆಯದೇ ದಟ್ಟ ಗುಂಗುರು ಕೂದಲು.

"ಆ ಹಿಂದಿನ ಆಳನ್ನ ತೆಗೀರಿ ಮಾಸ್ತರ್. ಅಲ್ಲೊಂದು ಪರದೆ ಹಾಕ್ರಿ, ಚಂದ ಕಾಣತೈತಿ," ಎಂದರು ಧಣಿ.

ಮಾಸ್ತರ್ ಫೋಟೊವನ್ನು ಬಹಳ ಹೊತ್ತು ನೋಡಿದರು. "ಆಯ್ತ್ರಿ ಧಣಿ. ಪರದೆ ಹಾಕ್ತೀನಿ."

ನಾಲ್ಕು ತಿಂಗಳು ಮನೆಯ ಬಾಗಿಲು ತೆಗೆಯಲಿಲ್ಲ. ಆಮೇಲೊಂದು ಮಧ್ಯಾಹ್ನ ಕ್ಯಾನ್ವಾಸನ್ನು ಆಟೊದಲ್ಲಿ ತಂದು ಅಂಗಡಿಯ ಗೋಡೆಗೆ ಆನಿಸಿ, ಮುಚ್ಚಿದ ಬಟ್ಟೆ ಸರಿಸಿದರು. ಬೀಸಣಿಗೆ ಹಿಡಿದವನು ಈಗ ಮುಂದೆ ನಿಂತಿದ್ದ. ಕೈ ಖಾಲಿ. ನೆಟ್ಟಗೆ ನೋಡುತ್ತಿದ್ದ, ಆ ನೋಟದ ಎದುರು ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಅವನ ಹಿಂದೆ ಕೆಂಪು ಪರದೆ ಪೂರ್ತಿ ಎಳೆದಿತ್ತು. ಅದರ ಕೆಳಗೆ ಕುರ್ಚಿಯ ಕಾಲು, ಯಜಮಾನನ ಪಾದದ ಜರಿ ಜೋಡು ಮಾತ್ರ ಕಾಣುತ್ತಿದ್ದವು.

"ಬ್ಯಾಡ ಅನಸಿದ್ರ ಈಗೇ ಹೇಳು. ಬ್ಯಾರೆ ಕಡೆ ಫ್ರೇಮ್ ಹಾಕಸ್ತೀನಿ."

"ಧಣಿ ಇದನ್ನ ನೋಡಿದ್ರ ನನ್ನ ಅಂಗಡಿ ಉಳಿಯೂದಿಲ್ರಿ ಸರ್."

"ಗೊತ್ತೈತಿ. ಅದಕ್ಕ ಕೇಳಾಕತ್ತೇನಿ."

ನನ್ನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ತೇಗದ ಪಟ್ಟಿ ತೆಗೆದು ಅಳತೆ ಹಿಡಿದೆ.

ನಾವು ಮುಚ್ಚಿಯೇ ತಂದು ತೂಗುಹಾಕಿದ್ದ ಚಿತ್ರದ ಬಟ್ಟೆಯನ್ನು ಸಮಾರಂಭದಲ್ಲಿ ಧಣಿ ತಾವೇ ದಾರ ಎಳೆದು ಕೆಳಗಿಳಿಸಿದರು. ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು. ಮಾಸ್ತರ್ ಮೈಕಿನ ಹತ್ತಿರ ಹೋದರು. "ಇವರು ನಮ್ಮ ಮುತ್ಯಾ. ಪರದೆ ಹಾಕ್ರಿ ಅಂದಿದ್ರು ಧಣಿ, ಹಾಕೀನಿ. ಪರದೆ ಹಿಂದಿದ್ದವರ ಹೆಸರು ನೀವು ಗ್ವಾಡಿಗೆ ಬರಸೀರಿ. ನಮ್ಮವರ ಹೆಸರು ಯಾರಿಗರ ಗೊತ್ತಿದ್ರ ಈಗ ಹೇಳ್ರಿ, ಕೂತು ಕೇಳ್ತೀನಿ." ಎಂದು ನಿಜವಾಗಿಯೂ ಮುಂದಿನ ಸಾಲಿನ ಸೋಫಾದ ಮೇಲೆ, ಧಣಿಯ ಜಾಗದಲ್ಲೇ ಕೂತರು.

ಧಣಿ ಚಿತ್ರವನ್ನು ಕೈಯಾರೆ ಕಿತ್ತು, ಕಾಲಿಟ್ಟು ಹರಿದರು. ನೂರಾರು ಮೊಬೈಲು ಮೇಲೆದ್ದವು. ಸಂಜೆಯೊಳಗೆ ಯಾದಗಿರಿಯ ತುಂಬ ಅದೇ ವಿಡಿಯೊ. ತುಳಿಯುತ್ತಿದ್ದ ಧಣಿಯನ್ನು ನೋಡುವಾಗ ಮಾಸ್ತರ್ ಮುಖದಲ್ಲಿದ್ದ ಸುಖವನ್ನು ಅವರ ಮಗಳ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ವಾರದೊಳಗೆ ನನ್ನ ಅಂಗಡಿ ಖಾಲಿ ಮಾಡಿಸಿದರು. ಬಸ್ ಸ್ಟ್ಯಾಂಡಿನ ಆಚೆ ತಗಡಿನ ಶೆಡ್ ಹಾಕಿಕೊಂಡೆ. ಮಾಸ್ತರ್ ದಿನಾ ಅಲ್ಲಿಗೂ ಬಂದು, "ನನ್ನ ಮ್ಯಾಲ ಬೇಜಾರ ಐತೇನು?" ಎಂದು ಕೇಳುತ್ತಿದ್ದರು. "ಇಲ್ರಿ" ಎನ್ನುತ್ತಿದ್ದೆ. ಮೊದಲ ತಿಂಗಳು ಅದು ಸುಳ್ಳಾಗಿತ್ತು.

ಎರಡು ವರ್ಷಕ್ಕೆ ಅವರ ಶ್ವಾಸಕೋಶ ಕೆಟ್ಟಿತು. ಯಾದಗಿರಿಯ ಆಸ್ಪತ್ರೆಗೆ ಧಣಿ ಹಣ್ಣಿನ ಬುಟ್ಟಿ ಕಳಿಸಿದರು. ಮಾಸ್ತರ್ ಅದನ್ನು ಹಾಗೇ ವಾಪಸು ಕಳಿಸಿ ನನ್ನನ್ನು ಹತ್ತಿರ ಕರೆದರು. "ನಾನು ಹ್ವಾದ ಮ್ಯಾಲ, ಮಾಸ್ತರ್ ಮಾಫ್ ಮಾಡ್ಯಾರ ಅಂತ ಯಾರರ ಅಂದ್ರ, ಅಲ್ಲೇ ಸುಳ್ಳ ಅಂತ ಹೇಳು. ಸತ್ತವರ ಬಾಯಿಗೆ ಮಾತು ತುಂಬೂದು ಇವರಿಗೆ ಭಾಳ ಸಲೀಸು."

ಮೂರನೆಯ ದಿನ ಹೋದರು. ಖಬರಸ್ಥಾನದ ಗೇಟಿನಲ್ಲಿ ಧಣಿ ಕಾರಿನಿಂದಿಳಿದು, ಸೇರಿದವರ ಮುಂದೆ ಕೈಮುಗಿದರು. "ದೊಡ್ಡ ಮನಸ್ಸಿನವರು. ಹೋಗೂ ಮುಂದ ಎಲ್ಲಾ ಮರ್ತಿದ್ರು. ನಮ್ಮ ಮ್ಯಾಲ ಸಿಟ್ಟಿರಲಿಲ್ಲ."

ನನ್ನ ಕೈಗೆ ಇನ್ನೂ ಗೋರಿಯ ಮಣ್ಣು ಮೆತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಅವರ ಎದುರಿಗೆ ಹೋಗಿ ನಿಂತೆ. ಅವರೊಡನೆ 'ಧಣಿ' ಎನ್ನದೆ ಮಾತಾಡಿದ್ದು ನಮ್ಮ ಮನೆತನದಲ್ಲಿ ಬಹುಶಃ ನಾನೇ ಮೊದಲಿಗ.

"ಸಿಟ್ಟಿತ್ರಿ," ಎಂದೆ. "ಮಾಫ್ ಮಾಡಿಲ್ಲ. ಹೇಳಂತ ನನಗ ಹೇಳಿ ಹೋಗ್ಯಾರ."