ಎಲೆಬಳ್ಳಿ ಹಳದಿಯಾದ ವರ್ಷ

ಎಲೆ ಹಳದಿಯಾದರೆ ಮೊದಲು ಬೇರು ನೋಡಬೇಕು, ಮನೆಯ ಹೆಂಗಸನ್ನಲ್ಲ. ಇಷ್ಟು ಸಣ್ಣ ಮಾತನ್ನು ಒಂದು ಮನೆಗೆ ತಿಳಿಸಲು ಹೋಗಿ ನಾನು ಆ ಮನೆಯನ್ನೇ ಕಳೆದುಕೊಂಡೆ.

ಈಗ ಹಿರೇಕೆರೂರಿನ ಹತ್ತಿರ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಮೆಣಸಿನಗಿಡ, ಟೊಮ್ಯಾಟೊ, ಬದನೆಯ ಸಸಿ ಒಯ್ದವರು ತಿಂಗಳು ಬಿಟ್ಟು ಒಂದು ಹಳದಿ ಎಲೆಯನ್ನು ಟವೆಲ್ಲಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. “ಅಕ್ಕಾರ, ಇದಕ್ಕ ಏನ್ ಹೊಡೀಬೇಕ್ರಿ?” ಏನು ಹೊಡೆಯಬೇಕು ಎಂದು ಕೇಳುವವರೇ ಎಲ್ಲ, ಯಾಕೆ ಹೀಗಾಯಿತು ಎಂದು ಕೇಳಿದವರನ್ನು ನಾನು ಕಾಣೆ. ನಾನೇ ತಿರುಗಿ ಕೇಳುತ್ತೇನೆ: ಬುಡದ ಹಳೆಯ ಎಲೆ ಮೊದಲು ಹಳದಿಯಾಯಿತೋ, ತುದಿಯ ಚಿಗುರೋ? ಬುಡದ್ದಾದರೆ ಹೆಚ್ಚಾಗಿ ಗೊಬ್ಬರ ಸಾಲದು. ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಬೇರಿಗೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮೇಲಿಂದ ಕೆಳಗಿನವರೆಗೆ ಎಲ್ಲ ಎಲೆಯೂ ಜೋತುಬಿದ್ದು ಹಳದಿಯಾಗಿದ್ದರೆ ನೀರು ನಿಂತಿದೆ, ಬೇರು ಕೊಳೆಯುತ್ತಿದೆ. ಈ ಕೊನೆಯದನ್ನು ಹೇಳುವಾಗ ನನ್ನ ದನಿ ಗಡುಸಾಗುತ್ತದೆ. ಬಂದವರು ಈ ಹೆಂಗಸಿಗೆ ಸೊಕ್ಕು ಅಂದುಕೊಂಡು ಹೋಗುತ್ತಾರೆ. ಅಂದುಕೊಳ್ಳಲಿ.

ನನ್ನ ತವರು ಅಕ್ಕಿಆಲೂರಿನ ಕಡೆ. ಭತ್ತದ ಗದ್ದೆಯ ಬದುವಿನ ಮೇಲೆ ಬೆಳೆದವಳು. ನೀರನ್ನು ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು ಎನ್ನುವುದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಅಪ್ಪನ ಹಿಂದೆ ತಿರುಗಿಯೇ ಬಂದದ್ದು. ಮದುವೆಯಾಗಿ ಹೋದದ್ದು ಸವಣೂರು ತಾಲ್ಲೂಕಿಗೆ, ಹತ್ತಿಮತ್ತೂರಿನ ಹತ್ತಿರದ ಒಂದು ಊರಿಗೆ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಗಂಡ ಮತ್ತು ನಾನು. ಮನೆಯ ಹಿಂದೆ ಅರ್ಧ ಎಕರೆ ವೀಳ್ಯದೆಲೆಯ ತೋಟ.

ಎಲೆತೋಟಕ್ಕೆ ಅದರದೇ ಮಡಿ. ಚಪ್ಪಲಿಯನ್ನು ಬೇಲಿಯ ಹೊರಗೇ ಬಿಡಬೇಕು. ಸ್ನಾನ ಮಾಡದೆ ಎಲೆ ಕೊಯ್ಯುವಂತಿಲ್ಲ. ಮುಟ್ಟಾದ ಹೆಂಗಸು, ಅಂದರೆ ಅವರ ಮಾತಿನಲ್ಲಿ ಹೊರಗಾದವಳು, ಒಳಗೆ ಕಾಲಿಟ್ಟರೆ ಬಳ್ಳಿ ಬಾಡುತ್ತದೆ ಎಂಬುದು ನಂಬಿಕೆ. ಆ ನಾಲ್ಕು ದಿನ ನಾನು ತೋಟದ ಕಡೆ ತಲೆಹಾಕುತ್ತಿರಲಿಲ್ಲ. ನಂಬಿದ್ದೆ ಎಂದಲ್ಲ, ಹೊಸದಾಗಿ ಬಂದವಳಿಗೆ ಜಗಳ ಬೇಡವಾಗಿತ್ತು. ನಾಲ್ಕು ದಿನ ಎಲೆ ಕೊಯ್ಯುವುದು ತಪ್ಪಿದರೆ ಬೆನ್ನಿಗೂ ಸುಖವೇ.

ಮೂರನೆಯ ವರ್ಷ ಗಂಡ ಎಲೆಯ ಪೆಂಡಿಗಳನ್ನು ತೋಟದೊಳಗೇ ಬೈಕಿಗೆ ಹೇರಬೇಕೆಂದು ಕೆಳ ಅಂಚಿನ ಬಸಿಗಾಲುವೆಗೆ ಮಣ್ಣು ತುಂಬಿ ದಾರಿ ಮಾಡಿಕೊಂಡ. ಚಪ್ಪಲಿ ಹೋಗಬಾರದ ತೋಟಕ್ಕೆ ಬೈಕು ಹೋಗಬಹುದಿತ್ತು. ತೋಟದಲ್ಲಿ ಹೆಚ್ಚಾದ ನೀರೆಲ್ಲ ಹೊರಗೆ ಹೋಗುತ್ತಿದ್ದದ್ದು ಆ ಕಾಲುವೆಯಿಂದಲೇ. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಹದಿನೈದು ದಿನದಲ್ಲಿ ಕೆಳಗಿನ ಸಾಲಿನ ಬಳ್ಳಿಗಳು ಜೋತುಬಿದ್ದವು. ಎಲೆಗಳು ಹಳದಿಯಾಗಿ, ಕೈ ತಾಗಿದರೆ ಸಾಕು ಉದುರತೊಡಗಿದವು.

ಅತ್ತೆ ಬಳ್ಳಿಯನ್ನು ನೋಡಿದ್ದು ಒಂದು ಗಳಿಗೆ. ನನ್ನನ್ನು ನೋಡಿದ್ದು ಬಹಳ ಹೊತ್ತು.

“ಬಳ್ಳಿ ಸುಮ್ಮಸುಮ್ಮನ ಮಾರಿ ಬಾಡಸೂದಿಲ್ಲ. ಹೊರಗಿದ್ದಾಕಿ ಯಾರೋ ಕಾಲಿಟ್ಟಾಳ.”

“ನಾ ಹೋಗಿಲ್ರೀ ಅತ್ತಿ. ಕೆಳಗ ನೀರ ನಿಂತೈತಿ, ಕಾಲುವಿ ಬಿಡಸ್ರಿ.”

“ಮಾಡೂದ ಮಾಡಿ ನೀರಿನ ಮ್ಯಾಲೆ ಹಾಕತಿ?”

ಮಾತು ಬೇಲಿ ದಾಟಲು ಎಷ್ಟು ಹೊತ್ತು ಬೇಕು? ವಾರದಲ್ಲಿ ನಾನು ‘ತ್ವಾಟ ಕೆಡಿಸಿದ ಸೊಸಿ’ ಆದೆ. ಪಕ್ಕದ ಮನೆಯ ಉಡಿ ತುಂಬುವ ಕಾರ್ಯಕ್ಕೆ ಅತ್ತೆಯನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಆ ದಿನ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ನಾನು ಕಣ್ಣೀರು ಹಾಕಿದೆ. ತಿಕ್ಕಿದ ಪಾತ್ರೆಯನ್ನೇ ಮತ್ತೆ ಮತ್ತೆ ತಿಕ್ಕಿದೆ.

ಊರಿನ ಹಿರಿಯರೊಬ್ಬರು ತೋಟದ ಮೈಲಿಗೆ ತೊಳೆಯಲು ಪರಿಹಾರ ಹೇಳಿದರು: ಐದು ದಿನ ಪ್ರತಿ ಬಳ್ಳಿಯ ಬುಡಕ್ಕೆ ಒಂದೊಂದು ಕೊಡ ಅರಿಷಿಣದ ನೀರು. ಈಗಾಗಲೇ ನೀರು ಕುಡಿದು ಸಾಯುತ್ತಿದ್ದ ಬೇರಿಗೆ ಮತ್ತೆ ಕೊಡಗಟ್ಟಲೆ ನೀರು! ಗಂಡ ಮಳೆಯಲ್ಲಿ ನೆನೆಯುತ್ತ ಬಾವಿಯಿಂದ ಹೊತ್ತು ಸುರಿದ. ನಾನು ಬೇಲಿಯ ಆಚೆಯಿಂದ ನೋಡುತ್ತಿದ್ದೆ. ಶುದ್ಧ ಮಾಡಿದಷ್ಟೂ ಹಳದಿ ಮೇಲಿನ ಸಾಲಿಗೆ ಏರಿತು. ಅತ್ತೆಯ ಪ್ರಕಾರ ನನ್ನ ದೋಷ ಅಷ್ಟು ಗಟ್ಟಿಯಾಗಿತ್ತು.

ಆ ಹೊತ್ತಿಗೆ ದುಂಡಸಿಯಲ್ಲಿ ಅತ್ತೆಯ ಸಂಬಂಧಿಕರ ಮದುವೆ. ನಾನು ನಿಜವಾಗಿಯೂ ಹೊರಗಾಗಿದ್ದೆ, ಎರಡನೆಯ ದಿನ. ಹಾಗಾಗಿ ನನ್ನನ್ನು ಮನೆಯಲ್ಲೇ ಬಿಟ್ಟು ಅತ್ತೆ, ಗಂಡ ಹೋದರು. ಬೈಕಿನ ಸದ್ದು ಮರೆಯಾದ ಮೇಲೆ ನಾನು ಸೀರೆ ಎತ್ತಿ ಕಟ್ಟಿ, ಗುದ್ದಲಿ ತೆಗೆದುಕೊಂಡು ತೋಟದೊಳಗೆ ನಡೆದೆ. ಹೆದರಿಕೆ ಆಯಿತೇ ಎಂದರೆ ಆಯಿತು. ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಮಾಡದ ತಪ್ಪಿಗೆ ಶಿಕ್ಷೆ ಆಗಿಯೇ ಹೋಗಿದೆ, ಇನ್ನು ಮಾಡಿಯೇ ಬಿಡೋಣ ಅನ್ನಿಸಿತು.

ಬಾಡಿದ ಒಂದು ಬಳ್ಳಿಯನ್ನು ಎಳೆದೆ. ಯಾವ ಹಟವೂ ಇಲ್ಲದೆ ಕೈಗೆ ಬಂತು. ಬೇರು ಕಪ್ಪಗೆ, ಕೊಳೆತ ವಾಸನೆ. ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯಿತು. ಮಧ್ಯಾಹ್ನದವರೆಗೆ ಅಗೆದೆ. ಕಾಲುವೆ ಬಾಯಿ ಬಿಟ್ಟಾಗ ನಿಂತಿದ್ದ ನೀರು ಕರ್ರಗೆ ನುಗ್ಗಿತು. ನನಗೆ ಅಳು ಬಂತು, ಖುಷಿಯಿಂದ.

ತಲೆ ಎತ್ತಿದರೆ ದಾರಿಯಲ್ಲಿ ಗಂಡ ನಿಂತಿದ್ದ. ತಾಯಿಯನ್ನು ಮದುವೆಮನೆಯಲ್ಲಿ ಬಿಟ್ಟು, ಮರುದಿನದ ಎಲೆ ಕೊಯ್ಯಲು ಬೇಗ ಬಂದಿದ್ದ. ಹರಿಯುವ ನೀರನ್ನು ನೋಡಿದ, ನನ್ನನ್ನು ನೋಡಿದ.

“ಹೊರಗಾಗೀದಿ ಅಲ್ಲ ನೀ?”

“ಹೂಂ. ಈ ಬೇರ ನೋಡು.”

ಬೇರನ್ನು ಕೈಯಲ್ಲಿ ಹಿಡಿದು ಮೂಸಿದ. ಅವನಿಗೆ ತಿಳಿಯಿತು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಅವ್ವಗ ಹೇಳಬ್ಯಾಡ. ಬಳ್ಳಿ ಸುಧಾರಸಲಿ, ನಾನ ಹೇಳ್ತೇನಿ.”

ನಾನು ನಂಬಿದೆ. ಮರುದಿನ ಅವನೇ ಸವಣೂರಿಗೆ ಹೋಗಿ ಬೇರುಕೊಳೆಯ ಔಷಧಕ್ಕೆ ಮೈಲುತುತ್ತ, ಸುಣ್ಣ ತಂದ. ನಾನು ಹೇಳಿದಂತೆ ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಕೂಡಿಸಿ, ಬುಡಕ್ಕೆ ಹದವಾಗಿ ಹಾಕಿದ. ಕೊಳೆತ ಬಳ್ಳಿಗಳನ್ನು ಕಿತ್ತು ದೂರ ಒಯ್ದು ಸುಟ್ಟ. ಉಳಿದವುಗಳ ಬುಡಕ್ಕೆ ಹೊಸ ಮಣ್ಣು ಏರಿಸಿದ. ಕಾಲುವೆ ಯಾರು ಬಿಡಿಸಿದರು ಎಂದು ತಾಯಿ ಕೇಳಿದರೆ ತುಂಬಿದ್ದ ಮಣ್ಣು ಮಳೆಗೆ ಕೊಚ್ಚಿಹೋಯಿತು ಅಂದ. ತಿಂಗಳೊಪ್ಪತ್ತಿನಲ್ಲಿ ಗೆಣ್ಣುಗಳಿಂದ ಎಳೆ ಹಸಿರು ಚಿಗುರು ಬಂತು. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ. ಬೇರು ಉಳಿದಿದ್ದರೆ ಹೊಸದು ಬರುತ್ತದೆ, ಅಷ್ಟೆ.

“ಅರಿಷಿಣದ ನೀರು ಕೈ ಹಿಡೀತು,” ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ನಾನು ಗಂಡನ ಮುಖ ನೋಡಿದೆ. ರಾತ್ರಿ ಕೇಳಿದರೆ ದಸರಾ ಮುಗಿಯಲಿ ಅಂದ. ದಸರಾ ಮುಗಿಯಿತು. ದೀಪಾವಳಿ ಮುಗಿಯಲಿ ಅಂದ. ಆಮೇಲೆ ಸಂಕ್ರಾಂತಿ. ಈ ನಡುವೆ ಊರಿನ ಹೆಂಗಸರು ಅರಿಷಿಣ ಕುಂಕುಮಕ್ಕೆ ನನ್ನನ್ನು ಬಿಟ್ಟು ಮುಂದಿನವಳಿಗೆ ಕೊಡುವುದು ರೂಢಿಯೇ ಆಯಿತು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು.

ಬೇಸಿಗೆಯ ಆರಂಭದಲ್ಲಿ ಒಂದು ದಿನ ಊಟದ ಹೊತ್ತಿಗೆ ಅತ್ತೆ ಎರಡು ಹಳದಿ ಎಲೆ ಹಿಡಿದು ಬಂದರು. ಕೊಯ್ಯದೆ ಬಿಟ್ಟ ಬುಡದ ಎಲೆಗಳು, ವಯಸ್ಸಾಗಿ ಹಣ್ಣಾಗಿದ್ದವು. ಯಾವ ರೋಗವೂ ಅಲ್ಲ.

“ಮತ್ತ ಹೋಗಿದ್ದಿ ಏನ?”

ಗಂಡ ರೊಟ್ಟಿ ಮುರಿಯುತ್ತಿದ್ದ. ನಾನು ಅವನಿಗಾಗಿ ಕಾದೆ. “ಮಜ್ಜಿಗಿ ಹಾಕು,” ಅಂದ. ಮಜ್ಜಿಗೆ ಹಾಕಿದೆ. ಆಮೇಲೆ ಚರಿಗೆಯನ್ನು ಕೆಳಗಿಟ್ಟು ಬಾಯಿಬಿಟ್ಟೆ.

“ಈಗ ಹೋಗಿಲ್ರಿ. ಆವಾಗ ಹೋಗಿದ್ದೆ, ಹೊರಗಿದ್ದಾಗನ ಹೋಗಿದ್ದೆ. ಕಾಲುವಿ ನಾನ ತೋಡೇನಿ. ಅದಕ್ಕ ಬಳ್ಳಿ ಉಳದಾವ. ನಿಮ್ಮ ಮಗನ್ನ ಕೇಳ್ರಿ.”

ಅತ್ತೆ ಮಗನ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನ?”

“ಇಲ್ಲವ್ವ,” ಅಂದ. ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ, ಹೊರಗಾದವಳು ತೋಡಿದ ಕಾಲುವೆ ತೋಟದಲ್ಲಿ ಇರಕೂಡದು ಅಂದರು. ಗಂಡ ಗುದ್ದಲಿ ತೆಗೆದುಕೊಂಡು ಹೋದ. ನಾನು ಬೇಲಿಯ ಹೊರಗೆ ನಿಂತು ನೋಡಿದೆ. ಆ ಬಳ್ಳಿಗಳು ಏತರಿಂದ ಬದುಕಿದವು ಎನ್ನುವುದು ನನ್ನನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತಿತ್ತು. ಅವನು ಮಣ್ಣು ಎಳೆದ, ಕಾಲಿನಿಂದ ತುಳಿದ, ಗುದ್ದಲಿಯ ಹಿಂಬದಿಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದ. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಒಳಗೆ ಹೋಗಿ ನನ್ನ ಸೀರೆಗಳನ್ನು ಮಡಚತೊಡಗಿದೆ.